ದೊಡ್ಡ ತೊಟ್ಟಿಲ ಕೆಳಗೆ ರೊಟ್ಟಿಯಿಲ್ಲದ ಊಟ

ಡಾಕ್ಟರರ ಎದುರು ನಾನು ಮಾತಿನಲ್ಲಿ ಸೋತಿರಲಿಲ್ಲ. ಸೋತದ್ದು ಒಂದು ಗಾಜಿನ ಕೊಳವೆಯ ಎದುರು.

ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ಯಾವ ನ್ಯಾಯ ಎಂದು ಕೇಳಿದ್ದೆ. ಶೀಷೆ ಅದಲುಬದಲಾಗಿರಬಹುದು, ದ್ರಾವಣ ಹಳೆಯದಿರಬಹುದು, ಕಾಂಪೌಂಡರನ ಕೈ ತಪ್ಪಿರಬಹುದು. ಚರ್ಚಾಸ್ಪರ್ಧೆಯಲ್ಲಿ ಬೆರಳು ಮಡಚಿ ಎಣಿಸುವ ಹಾಗೆ ಎಣಿಸಿ ಹೇಳಿದೆ. ಬೈಲಹೊಂಗಲದ ಆ ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡು, ಕೊಳವೆಯನ್ನು ನನ್ನ ಕೈಗೇ ಕೊಟ್ಟರು.

"ನೀನ ಮಾಡು. ಮೂತ್ರ ನಿಂದು, ಕೈ ನಿಂದು. ದೀಪ ಅಷ್ಟ ನಂದು. ದೀಪದ ಮ್ಯಾಲ ಸಂಶೇ ಇದ್ದರ ಈಗ ಹೇಳಿಬಿಡು, ಹೊರಗಿಂದ ಕಂದೀಲ ತರಸ್ತೇನಿ."

ನಾನೇ ಮಾಡಿದೆ. ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಕೆಲವು ಹನಿ ಮೂತ್ರ. ಸ್ಪಿರಿಟ್ ದೀಪದ ಮೇಲೆ ಓರೆಯಾಗಿ ಹಿಡಿದು ಅಲುಗಿಸುತ್ತ ಕುದಿಸಿದೆ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಅಲ್ಲಿಗೂ ನಿಲ್ಲದೆ ಕಿತ್ತಳೆಗೆ ತಿರುಗಿ, ಕೊನೆಗೆ ತಳದಲ್ಲಿ ಇಟ್ಟಿಗೆಯ ಪುಡಿ ಕಲಸಿಟ್ಟಂತೆ ಕೆಂಪು ಕೂತಿತು. ನೀಲಿ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆಗೆ ತಿರುಗಿದರೆ ಅತಿ ಹೆಚ್ಚು. ಎದುರಾಳಿಯ ಸಾಕ್ಷಿಯನ್ನು ನಾನೇ ಕುದಿಸಿ ಕೊಟ್ಟಿದ್ದೆ.

ಸಕ್ಕರೆ ಬೇನೆ ನನಗೆ ಹೊಸ ಹೆಸರೇನಲ್ಲ. ಅಪ್ಪನಿಗೂ ಅದೇ ಇತ್ತು. ನಸುಕಿನಲ್ಲಿ ಒಲೆಯ ಮೇಲೆ ಗಾಜಿನ ಸಿರಿಂಜು ಪಾತ್ರೆಯ ಅಂಚಿಗೆ ಕಟಕಟ ಬಡಿಯುತ್ತ ಕುದಿಯುವ ಸದ್ದು ಕೇಳಿಯೇ ನಾನು ಬೆಳೆದವನು. ಸೂಜಿಯ ಔಷಧ ಕೆಡದಂತೆ ನೀರಿನ ಗಡಿಗೆಯ ಪಕ್ಕ ಹಸಿ ಬಟ್ಟೆ ಸುತ್ತಿಡುತ್ತಿದ್ದರು. ಆ ಗಡಿಗೆ ಬಿಟ್ಟು ಅಪ್ಪ ಎರಡು ಹಗಲು ಎಲ್ಲಿಗೂ ಹೋದವರಲ್ಲ. ಅವರ ಲೋಕ ಆ ಗಡಿಗೆಯ ಸುತ್ತಲೇ ಮುಗಿಯಿತು. ನನಗಾಗ ಹರೆಯ, ಆದರೆ ಹರೆಯಕ್ಕಿಂತ ಮೊದಲೇ ಹೊಟ್ಟೆ ಬಂದಿತ್ತು. ಮೇಲಾಗಿ ಊರೂರು ತಿರುಗುವ ಕೆಲಸವೊಂದು ಆಗಷ್ಟೇ ಸಿಕ್ಕಿತ್ತು.

"ಸೂಜಿ ಬ್ಯಾಡ್ರಿ," ಎಂದೆ. "ಬರೇ ಪಥ್ಯದಾಗ ಇಳಿಸಿ ತೋರಸ್ತೇನಿ."

"ಯಾರಿಗೆ ತೋರಸಾವ? ನನಗೇನ ಬಹುಮಾನ ಕೊಡಾಕ ಬರಂಗಿಲ್ಲ." ನನ್ನ ಹೊಟ್ಟೆ ನೋಡಿ, ಮುಖ ನೋಡಿ, ಹೇಳಿದರು: "ಆತು. ನಿಮ್ಮ ಪ್ರದರ್ಶನ ಇಲ್ಲಿಂದ ಡೇರೆ ಕೀಳೂತನಕ ಟೈಮ್ ಕೊಡತೇನಿ. ದಿನಾ ಮುಂಜಾನೆ ನೀನ ನೋಡಕೋ. ಇಟ್ಟಂಗಿ ಬಣ್ಣ ಒಮ್ಮಿ ಬಂದ್ರ ಎಚ್ಚರಿಕಿ. ಎರಡನೇ ಸಲ ಬಂದ್ರ ಸೂಜಿ. ಆಮ್ಯಾಲ ನಿನ್ನ ಭಾಷಣ ನಾ ಕೇಳಂಗಿಲ್ಲ."

"ಏನೇನ ಬಿಡಬೇಕ್ರಿ?"

"ಅನ್ನ, ಚಪಾತಿ, ಸಕ್ಕರಿ, ಬೆಲ್ಲ, ಬಟಾಟಿ, ಬಾಳೆಹಣ್ಣು. ರೊಟ್ಟಿ ಊಟಕ್ಕ ಅರ್ಧ."

"ಅರ್ಧ ರೊಟ್ಟಿ ಊಟಾನ ಅಲ್ಲರೀ ಅದು. ಪಲ್ಲೆ ಹಿಡಿಯೂ ಇಕ್ಕಳ!"

"ಹಂಗಾರ ಇಕ್ಕಳ ಅಂತನ ತಿಳಕೋ. ಪಲ್ಲೆ ತಿನ್ನು, ಮಜ್ಜಿಗಿ ಕುಡಿ, ಶೇಂಗಾ ತಿನ್ನು, ಕೋಳಿ ತತ್ತಿ ತಿನ್ನು."

"ನಮ್ಮ ಮನ್ಯಾಗ ತತ್ತಿ ನಡಿಯಂಗಿಲ್ಲರಿ."

"ನೀ ಮನ್ಯಾಗ ಎಲ್ಲಿರ್ತಿಯೋ? ತೊಟ್ಟಿಲದ ಬುಡಕ ಮಲಗಾವ."

ಅದು ನಿಜವೇ. ಸುಗ್ಗಿ ಮುಗಿದ ಮೇಲೆ ಊರಿನಿಂದ ಊರಿಗೆ ಹೋಗುವ ಒಂದು ಮನರಂಜನೆಯ ಪ್ರದರ್ಶನ ಆಗ ಬೈಲಹೊಂಗಲದಲ್ಲಿ ಡೇರೆ ಹೊಡೆದಿತ್ತು. ಗಗನಕ್ಕೇರುವ ದೊಡ್ಡ ತೊಟ್ಟಿಲು, ಮರದ ಕುದುರೆಗಳ ಗಿರಕಿ, ಮೋಟಾರ್ ಸೈಕಲ್ಲು ಗೋಡೆ ಸುತ್ತುವ ಮರಣಬಾವಿ, ಉಬ್ಬುತಗ್ಗಿನ ನಗುಗನ್ನಡಿ, ಅವುಗಳ ಸುತ್ತ ತಿಂಡಿ ಅಂಗಡಿಗಳ ದೊಡ್ಡ ಸಾಲು. ತೊಟ್ಟಿಲ ಬುಡದಲ್ಲಿ ಹಲಗೆ ಜೋಡಿಸಿದ ಒಂದು ಎತ್ತರದ ಕಟ್ಟೆ, ಅದರ ಮೇಲೆ ಮೈಕು. ಆ ಮೈಕು ನನ್ನದು. ಕಾಲೇಜಿನಲ್ಲಿ ಪರ-ವಿರೋಧ ಮಾತಾಡಿ ಬಹುಮಾನದ ಕಪ್ ಗೆದ್ದದ್ದಕ್ಕೆ ಲೋಕ ನನಗೆ ಕೊಟ್ಟ ಮೊದಲ ಕೆಲಸ ಅದು. ಕಳೆದುಹೋದ ಮಕ್ಕಳ ಹೆಸರು ಕೂಗುವುದು, ರೆಕಾರ್ಡು ಹಾಕುವುದು, ನಡುನಡುವೆ ಅಂಗಡಿಗಳ ಜಾಹೀರಾತು ಹೇಳುವುದು.

ಆ ಜಾಹೀರಾತು ಹೇಳುವುದರಲ್ಲೊಂದು ಪದ್ಧತಿ ಇತ್ತು. ನನಗಿಂತ ಮುಂಚಿನ ಅನೌನ್ಸರನು ಹಾಕಿಕೊಟ್ಟದ್ದಂತೆ. ಬರೀ ಹೊಗಳಿದರೆ ಸಾಲದು, ಅಂಗಡಿಯವರು ತಂದ ಪದಾರ್ಥವನ್ನು ಎಲ್ಲರೂ ನೋಡುವಂತೆ ಕಟ್ಟೆಯ ಮೇಲೆ ನಿಂತು ತಿನ್ನಬೇಕು. ತಿನ್ನುವಾಗ ಮೈಕು ಬಾಯಿಗೆ ಹತ್ತಿರ ಹಿಡಿಯಬೇಕು. ಜಿಲೇಬಿಯ ಎಳೆ ಹಲ್ಲಿಗೆ ಸಿಕ್ಕು ಕರಂ ಎಂದದ್ದು ನಾಲ್ಕು ದಿಕ್ಕಿನ ಧ್ವನಿವರ್ಧಕದ ಕಹಳೆಗಳಲ್ಲೂ ಕೇಳಬೇಕು. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು 'ಆಹಾ!' ಎನ್ನಬೇಕು. ಜನ ಆ ಸದ್ದಿಗೇ ಎದ್ದು ಅಂಗಡಿಗೆ ಹೋಗುತ್ತಿದ್ದರು.

ಪಥ್ಯದ ಮೊದಲ ದಿನಗಳು ಬರೀ ಹಸಿವಿನವು. ಬೆಳಿಗ್ಗೆ ಕಟ್ಟೆಯ ಹಿಂದಿನ ತಾಡಪತ್ರಿ ಮರೆಯಲ್ಲಿ ದೀಪ ಹಚ್ಚಿ, ಡಾಕ್ಟರರು ಕೊಟ್ಟ ದ್ರಾವಣದ ಕೊಳವೆ ಕುದಿಸುತ್ತಿದ್ದೆ. ಕೊಳವೆಯ ಬಾಯಿ ನಮ್ಮ ಮುಖದ ಕಡೆ ಇರಬಾರದು, ಕುದಿ ಚಿಮ್ಮುತ್ತದೆ. ಗಾಳಿಗೆ ದೀಪ ಓಲಾಡಿದರೆ ಒಂದು ಮಗ್ಗುಲು ಮಾತ್ರ ಕಾದು ಬಣ್ಣ ಸುಳ್ಳು ಹೇಳುತ್ತದೆ, ಅದಕ್ಕೆ ಹಳೆಯ ಎಣ್ಣೆ ಡಬ್ಬಿಯ ತಗಡು ಮಡಚಿ ಮರೆ ಮಾಡಿಕೊಂಡಿದ್ದೆ. ಅರ್ಧ ರೊಟ್ಟಿಗೇ ಇಳಿದಿದ್ದರೂ ಬಣ್ಣ ಕಿತ್ತಳೆಯಿಂದ ಕೆಳಗಿಳಿಯಲಿಲ್ಲ. ಹಾಗಾದರೆ ಎಲ್ಲಿಂದಲೋ ಸಕ್ಕರೆ ಒಳಗೆ ಬರುತ್ತಿದೆ. ದಿನಕ್ಕೊಂದೇ ಪದಾರ್ಥ ಬಿಟ್ಟು ನೋಡಿದೆ. ಮೊದಲು ಚುರಮರಿ, ಆಮೇಲೆ ಭಜಿ. ಸಿಕ್ಕಿಬಿದ್ದದ್ದು ಚಹಾ. ಮಾತಾಡಿ ಗಂಟಲು ಒಣಗಿದಾಗಲೆಲ್ಲ ಕುಡಿಯುತ್ತಿದ್ದೆ, ನಮ್ಮಲ್ಲಿ ಚಹಾ ಸಕ್ಕರೆಯೊಡನೆಯೇ ಕುದಿಯುತ್ತದೆ, ಬೇರೆ ಕೇಳಿದರೆ ಸಿಗುವುದಿಲ್ಲ.

ಕೊನೆಗೆ ಬೇರೆ ಕೊಟ್ಟವರು ಆಮ್ಲೆಟ್ ಅಂಗಡಿಯ ಚಾಚಾ. ಮರಣಬಾವಿಯ ಹಿಂದೆ, ಅಂಗಡಿ ಸಾಲಿನ ಕಟ್ಟಕಡೆಯಲ್ಲಿ ಅವರ ಗಾಡಿ.

"ಸಕ್ಕರಿ ಬ್ಯಾಡ?" ಎಂದು ಅವರು ಎರಡು ಸಲ ಕೇಳಿದರು. "ಅಲ್ಲಪಾ, ರೇಷನ್ ಅಂಗಡಿ ಮುಂದ ಪಾವ ಸಕ್ಕರಿಗೆ ಮಂದಿ ಬಡದಾಡಾಕ ಹತ್ತ್ಯಾರ. ನೀ ಪುಗಸಟ್ಟೆ ಕೊಟ್ರ ಒಲ್ಲೆ ಅಂತಿ."

"ನನ್ನ ಒಳಗ ಭಾಳ ಐತ್ರಿ ಚಾಚಾ. ಬೇಕಾದ್ರ ನಾನ ರೇಷನ್ ಅಂಗಡಿ ತಗೀತೇನಿ."

ಚಹಾದ ಸಕ್ಕರೆ ಹೋದ ಮೇಲೆ ಕೊಳವೆ ಹಳದಿಗೆ, ಆಮೇಲೆ ಹಸಿರಿಗೆ ಇಳಿಯಿತು. ಹೊಟ್ಟೆಯೊಳಗೆ ಬೆಂಕಿ, ತಲೆಯಲ್ಲಿ ನೋವು, ಕಳೆದುಹೋದ ಮಗುವಿನ ಅಪ್ಪನ ಮೇಲೆಯೇ ಮೈಕಿನಲ್ಲಿ ರೇಗುವಷ್ಟು ಸಿಟ್ಟು. ಆದರೂ ಹಸಿರು ಹಸಿರೇ. ಅದನ್ನು ನೋಡುವಾಗಿನ ಸುಖ ಯಾವ ಬಹುಮಾನ ಗೆದ್ದಾಗಲೂ ಬಂದಿರಲಿಲ್ಲ.

ಅಷ್ಟರಲ್ಲಿ ಜಿಲೇಬಿ ಅಂಗಡಿಯ ಅಕ್ಕ ಜಾಹೀರಾತಿಗೆ ಬಂದಳು. ನೇಸರಗಿಯವಳು. ದೊಡ್ಡ ಕುಂಕುಮ, ಮೊಣಕೈವರೆಗೆ ಹಿಟ್ಟು, ಬಾಣಲೆಯ ಮುಂದೆ ಕೂತರೆ ತೊಟ್ಟಿಲಿನ ಸದ್ದನ್ನೂ ಮೀರಿಸುವ ದನಿ. ಕಾಗದದಲ್ಲಿ ಬಿಸಿ ಜಿಲೇಬಿ ತಂದು ನನ್ನ ಮುಂದೆ ಹಿಡಿದಳು.

"ತಿಂದು ಹೇಳೋ ತಮ್ಮಾ. ತುಪ್ಪದಾಗ ಕರದೇನಿ, ಸುಳ್ಳ ಹೇಳೂ ಜರೂರ ಇಲ್ಲ."

"ಹೇಳತೇನಿ ಅಕ್ಕಾ. ತಿನ್ನಂಗಿಲ್ಲ. ಡಾಕ್ಟರ್ ಬ್ಯಾಡ ಅಂದಾರ, ಸಕ್ಕರಿ ಬ್ಯಾನಿ."

"ಸಕ್ಕರಿ ಬ್ಯಾನಿ ಮುದುಕರಿಗೆ ಬರತೈತಿ. ನಿನಗೆಂಥಾದ್ದೋ? ಒಂದ ಎಳಿ ತಿಂದ್ರ ಏನ ಆಗತೈತಿ?"

ಅದರಿಂದ ಏನಾಗುತ್ತದೆ ಎಂದು ನಾನು ವಿವರಿಸಿದೆ. ಜಠರ, ರಕ್ತ, ಮೂತ್ರಪಿಂಡ. ಅವಳು ಕೇಳಿಸಿಕೊಂಡು ಹೇಳಿದಳು: "ಇಷ್ಟ ಮಾತಾಡೂದ್ರಾಗ ಎರಡ ತಿಂದು ಮುಗಸ್ತಿದ್ದಿ."

ಕಟ್ಟೆಯ ಕೆಳಗೆ ಪ್ರದರ್ಶನದ ಮ್ಯಾನೇಜರರು ನಿಂತಿದ್ದರು. ನಿಪ್ಪಾಣಿ ಕಡೆಯವರು, ಯಾವ ಜಗಳವನ್ನೂ ಬೆಳೆಯಗೊಡದ ಮನುಷ್ಯ. ಕೂಗಿ ಹೇಳಿದರು: "ಅಕ್ಕಾ, ಬಿಡ್ರಿ ಅವನ್ನ. ಅವನ ವ್ರತ ಐತಿ."

ಅಕ್ಕನ ಕೈ ಅಲ್ಲೇ ನಿಂತಿತು. ಎರಡೂ ಕೆನ್ನೆ ಮುಟ್ಟಿಕೊಂಡಳು. "ಅಯ್ಯ ಶಿವನ! ಮೊದಲ ಹೇಳಬಾರದೇನೋ? ವ್ರತದ ಹುಡುಗಗ ಜಿಲೇಬಿ ಹಿಡದ ನಿಂತೇನಲ್ಲ ನಾ!"

ವ್ರತ, ಉಪವಾಸಗಳ ವಿರುದ್ಧ ವೇದಿಕೆಯ ಮೇಲೆ ಕೈಯೆತ್ತಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಈಗ ಬಾಯಿ ತೆರೆದು 'ಇಲ್ಲ' ಎನ್ನಬೇಕಿತ್ತು. ಆದರೆ ನೋಡಿ: ಡಾಕ್ಟರರ ಹೆಸರು, ಮೂತ್ರಪಿಂಡದ ಕೆಲಸ, ನನ್ನ ಅಷ್ಟೂ ವಾದ ಮಾಡದ ಕೆಲಸವನ್ನು ಎರಡಕ್ಷರ ಮಾಡಿತ್ತು. ನಮ್ಮ ಕಡೆ ಬೇನೆ ಎಂದು ತಟ್ಟೆ ಸರಿಸಿದರೆ ಸೊಕ್ಕು, ದೇವರಿಗೆಂದು ಸರಿಸಿದರೆ ಭಕ್ತಿ. ನಾನು ಸುಮ್ಮನಿದ್ದೆ. ಎದುರಾಳಿ ತಪ್ಪಿ ಕೊಟ್ಟ ಅಂಕವನ್ನು ತಿದ್ದದೆ ಜೇಬಿಗಿಳಿಸಿದಂತೆ.

ಅದರ ಲೆಕ್ಕ ಮರುದಿನವೇ ಚುಕ್ತಾ ಆಯಿತು. ಇಳಿಹೊತ್ತಿಗೆ ಅಕ್ಕ ಹೊಳೆಯುವ ತಾಟೊಂದನ್ನು ಸೆರಗಿನಿಂದ ಮುಚ್ಚಿ ತಂದಳು. ಉಪವಾಸದ ಫಲಾಹಾರ. ಹಬೆಯಾಡುವ ಸಾಬೂದಾಣಿ, ಅಂದರೆ ಸಬ್ಬಕ್ಕಿಯ ಖಿಚಡಿ, ಮೇಲೆ ಶೇಂಗಾ ಪುಡಿ, ಬದಿಗೆ ಎರಡು ಬಾಳೆಹಣ್ಣು, ಒಂದು ಲೋಟ ಸಕ್ಕರೆ ಹಾಕಿದ ಹಾಲು.

"ಮಡೀಲೆ ಮಾಡೇನಿ. ಜಿಲೇಬಿ ಬಾಣಲಿ ಸೈತ ಮುಟ್ಟಿಲ್ಲ. ತಿನ್ನು."

ಬಾಳೆಹಣ್ಣು ಡಾಕ್ಟರರು ಹೆಸರು ಹಿಡಿದು ಬೇಡವೆಂದದ್ದು, ಬಿಟ್ಟೆ. ಹಾಲು ಸಿಹಿ, ಬಿಟ್ಟೆ. ಸಾಬೂದಾಣಿ? ಡಾಕ್ಟರರ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಹೇಳಿಲ್ಲದ್ದು ನಿಷೇಧವಲ್ಲ ಎಂದು ತರ್ಕ ಮಾಡಿದೆ. ಮುತ್ತಿನಂಥ ಕಾಳು, ಜ್ವರದವರಿಗೂ ಗಂಜಿ ಮಾಡಿ ಕೊಡುವ ಹಗುರ ಪದಾರ್ಥ, ಮೇಲಾಗಿ ಅರ್ಧಕ್ಕರ್ಧ ಶೇಂಗಾ. ಹಸಿದವನು ಮಾಡುವ ತರ್ಕಕ್ಕೆ ಹಸಿವೇ ತೀರ್ಪುಗಾರ. ತಾಟು ನೆಕ್ಕಿದಂತೆ ಖಾಲಿ ಮಾಡಿದೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಿತ್ತು. ಅಕ್ಕ ಕಣ್ತುಂಬ ನೋಡಿ, ಮರುದಿನ ಬೆಳಿಗ್ಗೆಯೂ ಅಷ್ಟೇ ಖಿಚಡಿ ಕೊಟ್ಟಳು. ಅದನ್ನೂ ತಿಂದೆ, ಆಮೇಲೆ ದೀಪ ಹಚ್ಚಿದೆ.

ಇಟ್ಟಿಗೆ.

ತಗಡಿನ ಮರೆ ಸರಿಪಡಿಸಿ, ಬೇರೆ ಕೊಳವೆ ತೊಳೆದು ಮತ್ತೆ ಕುದಿಸಿದೆ. ಮತ್ತೂ ಇಟ್ಟಿಗೆ. ಅದು ಎರಡನೇ ಸಲವಲ್ಲ, ಅದೇ ಮೂತ್ರದ ಮರುಪರೀಕ್ಷೆ ಎಂದು ನನ್ನನ್ನೇ ಒಪ್ಪಿಸಿಕೊಂಡೆ. ಡಾಕ್ಟರರೂ ಒಪ್ಪುತ್ತಿದ್ದರೇನೋ. ಆದರೆ ಒಂದು ಎಚ್ಚರಿಕೆ ಖರ್ಚಾಗಿತ್ತು. ಇನ್ನೊಂದು ಬಂದರೆ ಗಡಿಗೆ, ಹಸಿ ಬಟ್ಟೆ, ಕಟಕಟ ಸದ್ದು.

ಊಹೆ ಸಾಕು, ಸಾಕ್ಷಿ ಬೇಕು ಅನ್ನಿಸಿತು. ಮರಣಬಾವಿಯವರ ಔಷಧ ಪೆಟ್ಟಿಗೆಯಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಇತ್ತು. ಹಿಟ್ಟಿನಂಶ ಇದ್ದಲ್ಲಿ ಅದರ ಹನಿ ಬಿದ್ದರೆ ಕಪ್ಪಾಗುತ್ತದೆ ಎಂಬುದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತದ್ದು. ತಾಟಿನ ಅಂಚಿಗೆ ಉಳಿದಿದ್ದ ಸಾಬೂದಾಣಿ ಕಾಳಿನ ಮೇಲೆ ಒಂದು ಹನಿ ಬಿಟ್ಟೆ. ಮುತ್ತು ಕಾಡಿಗೆಯಾಯಿತು. ರೊಟ್ಟಿ ಚೂರಿಗಿಂತ ಕಪ್ಪು, ಅನ್ನದಗುಳಿಗಿಂತ ಕಪ್ಪು. ಅಂದು ಎಲ್ಲ ಅಂಗಡಿಗಳ ತಿಂಡಿಗಳನ್ನು ಚೂರು ಚೂರು ತಂದು ಹಲಗೆಯ ಮೇಲೆ ಸಾಲಾಗಿಟ್ಟು ಹನಿ ಹಾಕಿದೆ. ಚುರಮರಿ ಕಪ್ಪು, ಬಟಾಟಿ ಕಪ್ಪು, ಭಜಿಯ ಹೊದಿಕೆಯೂ ಕಪ್ಪು. ಬದನೆಕಾಯಿ, ಸೌತೆಕಾಯಿ ಟಿಂಚರಿನ ಕಂದುಬಣ್ಣದಲ್ಲೇ ಉಳಿದವು. ಎಲ್ಲಕ್ಕಿಂತ ನಿರ್ದೋಷಿಯಾಗಿ ಹೊರಬಂದದ್ದು ತತ್ತಿ.

ಹಾಗಾಗಿ ಉಳಿದ ಅರ್ಧ ರೊಟ್ಟಿಯನ್ನೂ ಬಿಟ್ಟು ತತ್ತಿಗೆ ಇಳಿದೆ. ಸೂರ್ಯ ಏಳುವ ಮುನ್ನ ಚಾಚಾನ ಗಾಡಿಯ ಹಿಂದೆ ಕೂತು, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಹಾಕಿದ ಆಮ್ಲೆಟ್ಟನ್ನು ಬರಿಗೈಯಲ್ಲಿ ತಿನ್ನುತ್ತಿದ್ದೆ. ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ನಂಬಿಕೆಯಿಂದಲ್ಲ, ರೂಢಿಯಿಂದ. ಬುದ್ಧಿ ಒಪ್ಪಿದ್ದನ್ನು ನಾಲಗೆ ಒಪ್ಪಲು ದಿನ ಹಿಡಿಯುತ್ತದೆ. ಅಕ್ಕನಿಗೆ ಮಾತ್ರ 'ವ್ರತ ಇನ್ನೂ ಕಠಿಣ ಮಾಡೇನಿ, ಬರೇ ಪಲ್ಲೆ, ಮಜ್ಜಿಗಿ' ಎಂದಿದ್ದೆ. ಸುಮ್ಮನಿದ್ದು ಶುರುವಾದದ್ದು ಬಾಯಿಬಿಟ್ಟು ಹೇಳುವಲ್ಲಿಗೆ ಬಂದಿತ್ತು.

ಕೊಳವೆ ಹಸಿರಿಗೆ ಮರಳಿತು. ಒಂದು ಬೆಳಿಗ್ಗೆಯಂತೂ ನೀಲಿಯೇ ಅನ್ನುವಷ್ಟು. ಅದೇ ಬೆಳಿಗ್ಗೆ ಸಿಕ್ಕಿಬಿದ್ದೆ.

ಅಕ್ಕ ಒಲೆಗೆ ಕೆಂಡ ಕೇಳಲು ಚಾಚಾನ ಗಾಡಿಗೆ ಬಂದಿದ್ದಳು. ನನ್ನ ಬಾಯಲ್ಲಿ ಆಮ್ಲೆಟ್ಟು, ಕೈಯಲ್ಲಿ ಇನ್ನರ್ಧ.

"ವ್ರತದಾಗ ತತ್ತಿ?" ಅವಳ ದನಿ ಮೊದಲ ಸಲ ಸಣ್ಣದಾಗಿತ್ತು. ಆಮೇಲೆ ದೊಡ್ಡದಾಯಿತು. "ನಾ ಮಡೀಲೆ ನಿಂತು ಮಾಡಿ ಕೊಟ್ಟೇನಲ್ಲೋ! ಯಾವ ದೇವರಿಗೆ ಹಿಂಗ ತತ್ತಿ ತಿಂದು ವ್ರತ ಮಾಡತೀ? ಆ ದೇವರ ಹೆಸರ ಹೇಳು, ನಾನೂ ನಡಕೋತೇನಿ!"

ಚಾಚಾ ನಡುವೆ ಬಂದು, "ಹುಡುಗಗ ಆರಾಮ ಇಲ್ಲಬೇ ಅಕ್ಕಾ..." ಎನ್ನುವಷ್ಟರಲ್ಲಿ ಅವಳು ಕೆಂಡವನ್ನೂ ಬಿಟ್ಟು ಹೋಗಿಬಿಟ್ಟಳು.

ಮಧ್ಯಾಹ್ನದೊಳಗೆ ಸಾಲಿನ ಎಲ್ಲ ಅಂಗಡಿಗೂ ಸುದ್ದಿ ಮುಟ್ಟಿತ್ತು. ಮ್ಯಾನೇಜರರು ಕಟ್ಟೆ ಹತ್ತಿ ಬಂದರು. ಸಿಟ್ಟಿರಲಿಲ್ಲ. ಅದೇ ಕೆಟ್ಟದ್ದು.

"ಹೇ ಬಗ, ಇಲ್ಲಿ ನೋಡು, ನಾ ಒಂದ ಮಾತ ಆಡಿ ನಿನ್ನ ಬಚಾವ ಮಾಡಿದ್ನಿ. ಅದನ್ನೂ ಕೆಡಿಸಿಕೊಂಡಿ. ಇವತ್ತ ಸಂತಿ ದಿನ, ಸುತ್ತಲಿನ ಹಳ್ಳಿ ಮಂದೀ ಎಲ್ಲಾ ಬರತೈತಿ. ಸಂಜಿಕ ಅಕ್ಕನ ಜಿಲೇಬಿ ಎಲ್ಲಾರ ಮುಂದ ತಿಂದು, ಚಲೋ ಐತಿ ಅನ್ನು. ಆಕೀಗೂ ಸಮಾಧಾನ. ಇಲ್ಲಾಂದ್ರ ಮೈಕ್ ಇಟ್ಟು ಊರಿಗೆ ನಡಿ. ಮುಂದಿನ ರಾಮದುರ್ಗದ ಡೇರೆಕ್ಕ ಬ್ಯಾರೆ ಹುಡುಗನ್ನ ನೋಡಕೋತೇನಿ."

"ತಿಂದ್ರ ನಾಳಿ ಇಟ್ಟಂಗಿ ಬರತೈತ್ರಿ. ಸೂಜಿ ಹತ್ತತೈತಿ."

"ಒಂದ ಜಿಲೇಬಿಗೆ?"

"ಒಂದಕ್ಕ ಯಾರ ಬಿಡತಾರ್ರೀ? ಇವತ್ತ ಅಕ್ಕ, ನಾಳಿ ಪೇಢೆದಾಂವ, ನಾಡದು ಕಬ್ಬಿನ ಹಾಲಿನಾಂವ."

"ಹಂಗಾರ ಬ್ಯಾನಿ ಅಂತ ಮೈಕಿನ್ಯಾಗ ಹೇಳಬ್ಯಾಡ ಮತ್ತ. ಬ್ಯಾನಿ ಮಾತ ಕೇಳಿದ್ರ ಮಿಠಾಯಿ ಅಂಗಡಿಗೆ ಯಾಂವ ಬರತಾನ? ನಿನಗೂ ನಾಳಿ ಹೆಣ್ಣ ಯಾರ ಕೊಡತಾರ?"

ತಾಡಪತ್ರಿಯ ಹಿಂದೆ ಕೂತು ಎರಡೂ ಪಕ್ಷ ನಾನೇ ಮಾತಾಡಿದೆ. ತಿಂದರೆ ಕೆಲಸ ಉಳಿಯುತ್ತದೆ, ಸೂಜಿ ಬರುತ್ತದೆ. ಸೂಜಿ ಬಂದ ಮೇಲೆ ಡೇರೆಯ ಸೆಕೆಯಲ್ಲಿ ಆ ಔಷಧ ಎಲ್ಲಿಡಲಿ? ಕೆಲಸವೂ ಹೋಗುತ್ತದೆ. ತಿನ್ನದೆ ಊರಿಗೆ ಹೋದರೆ? ಅಮ್ಮ ಬೇಯಿಸಿಕೊಟ್ಟ ಪಲ್ಲೆ ತಿಂದು ಕೊಳವೆಯನ್ನು ನೀಲಿಯಾಗಿಯೇ ಇಡಬಹುದು. ಆದರೆ ಪಥ್ಯದವನು ಮನೆಯ ಮೂಲೆಯಲ್ಲಷ್ಟೇ ಬದುಕಬಲ್ಲ ಎಂಬ ಪಕ್ಷವನ್ನು ನಾನೇ ಗೆಲ್ಲಿಸಿದ ಹಾಗಾಗುತ್ತದೆ. ಅಪ್ಪನ ಗಡಿಗೆ ಇಲ್ಲದೆಯೂ ಅಪ್ಪನ ಮೂಲೆ. ಮೂರನೆಯ ದಾರಿ, ವ್ರತದ ಹೆಸರಲ್ಲಿ ಇನ್ನೊಂದು ಕಥೆ ಕಟ್ಟುವುದು. ಕಟ್ಟಬಲ್ಲೆ. ಅಕ್ಕ ನಂಬಲೂಬಹುದು. ಆಮೇಲೆ ಮತ್ತೊಂದು ಮಡಿಯ ತಾಟು ಬರುತ್ತದೆ. ನನ್ನ ಪಥ್ಯ ಕೆಡಿಸಿದ್ದು ಜಿಲೇಬಿಯಲ್ಲ, ವ್ರತ. ಜಿಲೇಬಿಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಅಷ್ಟು ಸ್ಪಷ್ಟವಾದ ಮೇಲೆ ಎದ್ದು ಮುಖ ತೊಳೆದುಕೊಂಡೆ.

ಸಂಜೆ ಸಂತೆಯ ಜನ ತೊಟ್ಟಿಲ ಬುಡದಲ್ಲಿ ಕಿಕ್ಕಿರಿದಿದ್ದರು. ಖರೀದಿಯ ಚೀಲಗಳ ಸಮೇತ, ಮಕ್ಕಳು ಹೆಗಲ ಮೇಲೆ. ದೀಪಗಳು ಹತ್ತಿದ್ದವು. ಅಕ್ಕ ಜಿಲೇಬಿಯ ಕಾಗದ ಹಿಡಿದು ಕಟ್ಟೆ ಏರಿ ನಿಂತಳು. ನನ್ನ ಮುಖ ನೋಡಲಿಲ್ಲ. ಮ್ಯಾನೇಜರರು ಕೆಳಗೆ, ಕೈಕಟ್ಟಿ. ರೆಕಾರ್ಡು ನಿಲ್ಲಿಸಿದೆ. ಜಿಲೇಬಿ ಎತ್ತಿ ಬೆಳಕಿಗೆ ಹಿಡಿದೆ, ಪಾಕ ಮಣಿಕಟ್ಟಿನವರೆಗೆ ಇಳಿಯಿತು. ಜನ ಆ ಕರಂ ಸದ್ದಿಗಾಗಿ ಕಾದರು.

"ಇದು ನೇಸರಗಿ ಅಕ್ಕನ ಜಿಲೇಬಿ," ಎಂದೆ. "ಇದನ್ನ ನಾ ತಿನ್ನಂಗಿಲ್ಲ."

ಮ್ಯಾನೇಜರರ ಕೈ ಬಿಚ್ಚಿತು.

"ಯಾಕಂತ ಕೇಳ್ರಿ. ನಂದು ವ್ರತ ಐತಿ ಅಂತ ಇಲ್ಲಿ ಮಂದಿ ತಿಳಕೊಂಡಾರ. ವ್ರತ ಇಲ್ಲ. ಯಾವ ದೇವರ ಮ್ಯಾಲೂ ಹಾಕಂಗಿಲ್ಲ. ನನಗ ಸಕ್ಕರಿ ಬ್ಯಾನಿ ಐತಿ. ಈ ವಯಸ್ಸಿನ್ಯಾಗ ಬರತೈತೇನು ಅಂತೀರಿ, ಬಂದೈತಿ. ರೊಟ್ಟಿ ಬಿಟ್ಟೇನಿ, ಚಹಾದಾಗ ಸಕ್ಕರಿ ಬಿಟ್ಟೇನಿ, ಮುಂಜಾನೆ ತತ್ತಿ ತಿಂತೇನಿ. ಅಕ್ಕ ಮಡೀಲೆ ಮಾಡಿಕೊಟ್ಟದ್ದನ್ನ ವ್ರತದ ಹೆಸರ ಮ್ಯಾಲ ತಿಂದೆ. ಅದೊಂದು ಆಕೀಗೆ ಮೋಸ. ಜಿಲೇಬಿದೇನೂ ತಪ್ಪಿಲ್ಲ. ರುಚಿ ನಾ ಹೇಳಿದ್ರ ಸುಳ್ಳಾಗತೈತಿ. ಮಾಡಿದಾಕಿನ ತಿಂದು ಹೇಳಲಿ."

ಮೈಕನ್ನೂ ಜಿಲೇಬಿಯನ್ನೂ ಅಕ್ಕನ ಕಡೆ ಚಾಚಿದೆ. ನನ್ನ ಯೋಜನೆ ಅಷ್ಟೇ ಇತ್ತು: ಅವಳು ತಿನ್ನುತ್ತಾಳೆ, ಕಹಳೆಗಳಲ್ಲಿ ಕರಂ ಎನ್ನುತ್ತದೆ, ಪದ್ಧತಿ ಉಳಿಯುತ್ತದೆ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಾನೂ ತಿನ್ನಂಗಿಲ್ಲ," ಎಂದಳು. ಮೈಕಿನಲ್ಲಿ ತನ್ನದೇ ದನಿ ಕೇಳಿ ಬೆಚ್ಚಿ, ಆಮೇಲೆ ಇನ್ನಷ್ಟು ಗಟ್ಟಿಯಾಗಿ: "ನಂದು ಖರೇನ ವ್ರತ ಐತಿ. ಮಗಳು ಹಡಿಯೂ ಮುಂದ ಆಕಿ ಜೀವಕ್ಕ ಬಂದಿತ್ತು. ಆಕಿ ಉಳದ್ರ ಸಿಹಿ ಬಿಡತೇನಿ ಅಂತ ಎಲ್ಲವ್ವಗ ಹೇಳಿಕೊಂಡಿದ್ನಿ. ಉಳದಳು. ಬಿಟ್ಟೇನಿ."

ದಿನವಿಡೀ ಪಾಕದ ಮುಂದೆ ಕೂರುವವಳು. ಬೆರಳು ಸಹ ನೆಕ್ಕದವಳು. ಅದಕ್ಕೇ ಅವಳಿಗೆ ನನ್ನ ಸುಳ್ಳು ಅಷ್ಟು ಚುಚ್ಚಿತ್ತು. ನಾನು ಬಾಡಿಗೆಗೆ ತೆಗೆದುಕೊಂಡದ್ದು ಅವಳ ಸ್ವಂತದ ಸೊತ್ತು.

ಆಗ ಗುಂಪಿನ ನಡುವಿಂದ ತಲೆಗೆ ಪಟಕಾ ಸುತ್ತಿದ ಒಬ್ಬ ಮುದುಕ ಕೂಗಿದ:

"ಅಲ್ಲೋ ಮಾರಾಯಾ, ಮಾಡಾಕಿನೂ ತಿನ್ನಂಗಿಲ್ಲ, ಹೇಳಾವನೂ ತಿನ್ನಂಗಿಲ್ಲ. ನಾವ್ಯಾಕ ತಿನ್ನೂನು?"

ನಗು ಎದ್ದಿತು. ಮ್ಯಾನೇಜರರು ಹಣೆಗೆ ಕೈ ಹಚ್ಚಿದರು. ನನ್ನೊಳಗಿನ ಚರ್ಚಾಪಟು ಮಾತ್ರ ಹಸಿದ ಹೊಟ್ಟೆಯಲ್ಲೂ ಎದ್ದು ನಿಂತ.

"ಅಜ್ಜಾರ, ಚೂರು ವಿಚಾರ ಮಾಡ್ರಿ," ಎಂದೆ. "ದಿನಾ ಬಾಣಲಿ ಮುಂದ ಕುಂತು ಒಂದ ಎಳಿ ಮುಟ್ಟದಾಕಿ, ತುಪ್ಪದಾಗ ಡಾಲ್ಡಾ ಕಲಸ್ತಾಳೇನ್ರೀ? ದೇವರಿಗೆ ಕೊಟ್ಟ ಮಾತ ಮುರೀದಾಕಿ ನಿಮಗ ತೂಕದಾಗ ಮುರೀತಾಳೇನ್ರೀ? ಇನ್ನೊಂದ. ಆಕೀನೂ ತಿನ್ನಂಗಿಲ್ಲ, ನಾನೂ ತಿನ್ನಂಗಿಲ್ಲ ಅಂದ್ರ, ಮಾಡಿದ್ದೆಲ್ಲಾ ನಿಮಗ ಉಳದೈತಿ. ಬರ್ರಿ, ನೀವ ತಿಂದು ಮೈಕಿನ್ಯಾಗ ಹೇಳ್ರಿ!"

ಮುದುಕ ಜನರ ಚಪ್ಪಾಳೆಯ ನಡುವೆ ಕಟ್ಟೆ ಹತ್ತಿದ. ಹಲ್ಲು ಕೆಲವೇ ಉಳಿದಿದ್ದವು, ಆದರೆ ಇದ್ದ ಹಲ್ಲಿನಲ್ಲಿ ಕಚ್ಚಿದ ಸದ್ದು ತೊಟ್ಟಿಲ ತುದಿಗೂ ಕೇಳಿತು. ಬಾಯಿ ತುಂಬಿಕೊಂಡೇ, "ಹುಡುಗಾ, ನಿನ್ನ ಹಣೇಬಾರ ಖೊಟ್ಟಿ ನೋಡಪಾ," ಎಂದ. ಆ ಸಂಜೆ ಅಕ್ಕನ ಹಿಟ್ಟು ಮುಗಿಯುವವರೆಗೂ ಅಂಗಡಿಯ ಮುಂದೆ ಜನ ಕರಗಲಿಲ್ಲ. ಮರುದಿನದಿಂದ ಕಟ್ಟೆ ಹತ್ತಿ ತಿನ್ನುವ ಕೆಲಸ ಗಿರಾಕಿಗಳದಾಯಿತು. ತಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆ ಎಂದು ಮ್ಯಾನೇಜರರು ಪೇಢೆಯವನಿಗೆ ಹೇಳುವುದನ್ನು ನಾನೇ ಕೇಳಿದೆ. ತಿದ್ದಲು ಹೋಗಲಿಲ್ಲ.

ಅಕ್ಕ ಮಾತ್ರ ಅಷ್ಟಕ್ಕೇ ಬಿಡುವವಳಲ್ಲ. ಮರುದಿನ ಬಂದು ಎದುರು ಕೂತಳು.

"ನಾ ಕೊಟ್ಟ ಖಿಚಡಿಲೆ ಬ್ಯಾನಿ ಏರಿತು ಅಂದ್ಯಂತಲ್ಲ ಚಾಚಾನ ಮುಂದ? ತೋರಸು."

ಸಾಬೂದಾಣಿಯ ಮೇಲೆ ಟಿಂಚರ್ ಹನಿ ಹಾಕಿ ತೋರಿಸಿದೆ. ಕಪ್ಪಾಯಿತು. ಅವಳು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಸೆರಗಿನ ಗಂಟಿನಿಂದ ಬೆಲ್ಲದ ಹರಳು ತೆಗೆದಳು. "ಇದಕ್ಕ ಹಾಕು."

ಹಾಕಿದೆ. ಬೆಲ್ಲ ಬೆಲ್ಲದ ಬಣ್ಣದಲ್ಲೇ ಉಳಿಯಿತು.

"ಹಂಗಾರ ಬೆಲ್ಲ ತಿನ್ನಬಹುದಾತಲ್ಲ?" ಎಂದಳು, ಹುಬ್ಬೇರಿಸಿ.

ನನ್ನ ಇಷ್ಟು ವರ್ಷದ ವಾದಗಳಲ್ಲಿ ಅಷ್ಟು ಸರಿಯಾದ ಜಾಗಕ್ಕೆ ಕೊಟ್ಟ ಪೆಟ್ಟು ಕಡಿಮೆ. ಟಿಂಚರ್ ಹಿಟ್ಟನ್ನು ಹಿಡಿಯುತ್ತದೆ, ಸಿಹಿಯನ್ನು ಹಿಡಿಯುವುದಿಲ್ಲ, ಸಿಹಿಗೆ ನಾಲಗೆಯೇ ಸಾಕ್ಷಿ ಎಂದು ಹೇಳಿದೆ.

"ಅಂದ್ರ ಎರಡ ಸಾಕ್ಷಿ ಬೇಕು ನಿನಗ. ನಮ್ಮ ಎಲ್ಲವ್ವಗ ಒಂದ ಸಾಕು," ಎಂದು ಎದ್ದು ಹೋದಳು.

ಡೇರೆ ಕೀಳುವ ಮುನ್ನಾದಿನ ಡಾಕ್ಟರರ ಎದುರು ಕೂತೆ. ಈ ಸಲ ಅವರೇ ಕುದಿಸಿದರು. ಬೆಳಕಿಗೆ ಹಿಡಿದರು.

"ಹಸರು," ಎಂದರು.

"ನೀಲಿರಿ. ಗಾಜು ಹಳದಿ ಐತಿ, ಅದಕ್ಕ ಹಂಗ ಕಾಣಸ್ತೈತಿ."

ಅವರು ಕೊಳವೆಯನ್ನು ನನ್ನ ಕೈಗಿತ್ತರು. ಕಿಟಕಿಗೆ ಹೋಗಿ ನೋಡಿದೆ, ತಿರುಗಿಸಿ ನೋಡಿದೆ. ಹಸಿರೇ. ತೆಳ್ಳಗಿನ, ನೀಲಿಯನ್ನು ಇನ್ನೂ ಬಿಡದ ಹಸಿರು.

"ಹಸರು," ಎಂದು ಒಪ್ಪಿದೆ.

"ಸೂಜಿ ಬ್ಯಾಡ ಸದ್ಯಾ," ಎಂದರು ಡಾಕ್ಟರರು. "ಆದ್ರ ಇದನ್ನ ಗೆದ್ದೇನಿ ಅಂತ ಹೇಳಕೋತ ತಿರಗಬ್ಯಾಡ. ಇದು ದಿನಾ ಮುಂಜಾನೆ ಮೊದಲಿಂದ ಶುರು ಆಗೂ ಚರ್ಚೆ. ಬ್ಯಾಸರಾದಾಂವ ಸೋಲತಾನ."

ಮರುದಿನ ನಸುಕಿನಲ್ಲಿ ತೊಟ್ಟಿಲನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಮ್ಯಾನೇಜರರು ಮೈಕಿನ ಪೆಟ್ಟಿಗೆ ನನ್ನ ಕೈಗೇ ಕೊಟ್ಟು, "ರಾಮದುರ್ಗದಾಗ ಇಳಿಸಿಕೊ," ಎಂದಿದ್ದರು. ಲಾರಿಯ ಹಿಂಬದಿ ಹತ್ತಿ ಕೂತಾಗ ಅಕ್ಕ ಬಂದಳು. ಅವಳು ಸವದತ್ತಿ ದಾರಿ ಹಿಡಿಯುವವಳು, ಗುಡ್ಡಕ್ಕೆ ಹೋಗಿ ಎಲ್ಲವ್ವನ ದರ್ಶನ ಮಾಡಿ ಊರಿಗೆ. ಕೈಯಲ್ಲಿ ಅದೇ ಹೊಳೆಯುವ ತಾಟು, ಸೆರಗು ಮುಚ್ಚಿದ್ದು. ಅದನ್ನು ಕಂಡು ಲಾರಿಯೊಳಗೆ ಒಂದಿಷ್ಟು ಹಿಂದೆ ಸರಿದೆ.

ಸೆರಗು ತೆಗೆದಳು. ಎಣ್ಣೆಗಾಯಿ ಬದನೆಕಾಯಿ, ಹೆಚ್ಚಿದ ಸೌತೆಕಾಯಿ, ಗಟ್ಟಿ ಮೊಸರು. ರೊಟ್ಟಿ ಇರಲಿಲ್ಲ. ಒಂದು ಮೂಲೆಯಲ್ಲಿ, ಉಳಿದದ್ದಕ್ಕೆ ತಾಗದಂತೆ ಬೇರೆ ಎಲೆಯ ಮೇಲೆ, ಒಂದು ಚೂರು ಬದನೆಕಾಯಿ. ಅದರ ಮೇಲೆ ಟಿಂಚರಿನ ಕಂದು ಕಲೆ.

"ಮರಣಬಾವಿಯವರ ಕಡೆ ಟಿಂಚರ್ ಇಸಗೊಂಡು ಹಾಕಿ ನೋಡೇನಿ," ಎಂದಳು. "ಕರ್ರಗಾಗಲಿಲ್ಲ. ಬೆಲ್ಲ ಹಾಕಿಲ್ಲ. ಅದಕ್ಕ ನನ್ನ ಮಾತ ಸಾಕ್ಷಿ."

ಲಾರಿ ಹೊರಟಿತು. ಆ ಕಲೆಬಿದ್ದ ಚೂರನ್ನು ಎತ್ತಿ ಹೊರಗೆಸೆದು, ಉಳಿದದ್ದನ್ನು ಪರೀಕ್ಷಿಸದೆ ತಿಂದೆ.